ಗಂಟೆಯಣ್ಣನಿಗೆ, ಆಮೇಲೆ ಉಳಿದವರಿಗೆ

ಕಳೆದ ತಿಂಗಳ ಎರಡನೆಯ ವಾರದಲ್ಲಿ ನನ್ನ ಎಂ.ಸಿ.ಎ. ಪದವಿಯ ಕೊನೆಯ ಅಂಕಪಟ್ಟಿ ಅಂಚೆಯಲ್ಲಿ ಬಂದಿತು. ಅದಾಗಿ ನಾಲ್ಕೇ ದಿನಕ್ಕೆ, ಏಳು ವರ್ಷಗಳಿಂದ ನಾನು ಗಣಿತ ಮತ್ತು ಕಂಪ್ಯೂಟರ್ ಕಲಿಸುತ್ತಿರುವ ಪ್ರೌಢಶಾಲೆಯವರು ತಮ್ಮದೇ ಪದವಿಪೂರ್ವ ಕಾಲೇಜಿಗೆ ಉಪನ್ಯಾಸಕನಾಗಿ ಬರುವಂತೆ ಆದೇಶಪತ್ರ ಕೊಟ್ಟರು. ನಲವತ್ತೇಳರ ವಯಸ್ಸಿನಲ್ಲಿ ಇಂಥದ್ದನ್ನು ಹೇಳಿಕೊಳ್ಳಲು ಕೊಂಚ ಸಂಕೋಚವಾಗುತ್ತದೆ. ಆದರೂ ಸಭಾಪಾಲಕನ, ಅಂದರೆ ಚರ್ಚಿನ ಪಾಸ್ಟರನ, ನಿಲುವಂಗಿಯನ್ನು ಮಡಿಸಿ ಟ್ರಂಕಿನೊಳಗೆ ಇಟ್ಟ ದಿನದಿಂದ ಇಲ್ಲಿಯವರೆಗೆ ನನ್ನನ್ನು ನಡೆಸಿಕೊಂಡು ಬಂದವರಿಗೆ ಎಲ್ಲರ ಎದುರಿನಲ್ಲಿ ಒಂದು ಸಲ ವಂದನೆ ಹೇಳದೆ ಹೊಸ ತರಗತಿಯ ಹೊಸ್ತಿಲು ದಾಟಬಾರದೆಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹದಿಮೂರು ವರ್ಷ ಸಭಾಪಾಲಕನಾಗಿದ್ದ ನಾನು 2018ರ ಮೇ ತಿಂಗಳಲ್ಲಿ ಆ ಸೇವೆಯನ್ನು ಏಕೆ ಬಿಟ್ಟೆನೆಂಬುದು ಇದನ್ನು ಓದುವವರಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರು ಈಗ ತಿಳಿದುಕೊಂಡು ಆಗಬೇಕಾದದ್ದೂ ಏನಿಲ್ಲ. ಕೆಲವರು ಅದನ್ನು ನಂಬಿಕೆ ಕಳೆದುಕೊಂಡದ್ದೆಂದರು, ಕೆಲವರು ಐ.ಟಿ. ಸಂಬಳದ ಆಸೆ ಎಂದರು. ಖಾಸಗಿ ಶಾಲೆಯ ಮೇಷ್ಟ್ರ ಸಂಬಳ ಎಷ್ಟೆಂದು ಬಲ್ಲವರು ಈ ಎರಡನೆಯ ಮಾತಿಗೆ ಇಂದಿಗೂ ನಗುತ್ತಾರೆ. ನೇಗಿಲಿಗೆ ಕೈಹಾಕಿ ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂಬ ಲೂಕನ ಸುವಾರ್ತೆಯ ವಚನವನ್ನು ಆ ಒಂದು ತಿಂಗಳಲ್ಲಿ ನನಗೆ ಒಂಬತ್ತು ಮಂದಿ ಬೇರೆ ಬೇರೆಯಾಗಿ ನೆನಪಿಸಿದರು. ಅದೇ ವಚನದ ಮೇಲೆ ನಾನೇ ಎರಡು ಸಲ ಆರಾಧನೆಯಲ್ಲಿ ಪ್ರಸಂಗ, ಅಂದರೆ ಪ್ರವಚನ, ಮಾಡಿದ್ದೆ ಎಂಬುದು ಅವರಿಗೆ ಮರೆತುಹೋಗಿತ್ತು, ನನಗೆ ಮರೆತಿರಲಿಲ್ಲ.

ನಾನು ಬಿಟ್ಟದ್ದು ಹುದ್ದೆಯನ್ನು. ದೇವಶಾಸ್ತ್ರ ನನ್ನನ್ನು ಬಿಡಲಿಲ್ಲ, ನಾನೂ ಅದನ್ನು ಬಿಟ್ಟವನಲ್ಲ. ಇಂದಿಗೂ ಬೆಳಗ್ಗೆ ಐದಕ್ಕೆ ಎದ್ದು ಗ್ರೀಕ್ ಹೊಸ ಒಡಂಬಡಿಕೆಯ ಅರ್ಧ ಪುಟ ಓದದಿದ್ದರೆ ಹಲ್ಲುಜ್ಜದೆ ಮನೆಯಿಂದ ಹೊರಟಂತಾಗುತ್ತದೆ. ಇದಿಷ್ಟನ್ನು ಹೇಳಿ, ಯಾರಿಂದಾಗಿ ಇದೆಲ್ಲ ಹೇಳುವುದಕ್ಕೆ ನಾನು ಉಳಿದಿದ್ದೇನೋ ಅವರ ವಿಷಯಕ್ಕೆ ಬರುತ್ತೇನೆ.

ನಾನು ಕೊನೆಯದಾಗಿ ಪಾಲಕನಾಗಿದ್ದ ಸಭೆ ಘಟ್ಟದ ಬುಡದಲ್ಲಿತ್ತು. ಅಲ್ಲಿನ ಕ್ರೈಸ್ತ ದೇವಾಲಯದ ಗಂಟೆ ಬಾರಿಸುತ್ತಿದ್ದವರನ್ನು ಊರಿನವರೆಲ್ಲ ಗಂಟೆಯಣ್ಣ ಎಂದೇ ಕರೆಯುತ್ತಿದ್ದರು. ಹೆಸರು ಬರೆಯಕೂಡದೆಂದು ಅವರೇ ತಾಕೀತು ಮಾಡಿರುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿತಲ್ಲ, ಅಂಥದೊಂದು ಕಾರ್ಖಾನೆಯ ಗೂಡಿನ ಎದುರು ಮೂವತ್ತು ವರ್ಷ ನಿಂತು ದುಡಿದವರು ಅವರು. ಓದಿದ್ದು ಐದನೆಯ ತರಗತಿ. ಸತ್ಯವೇದವನ್ನು, ಅಂದರೆ ಬೈಬಲನ್ನು, ಬೆರಳಿಟ್ಟು, ಅಕ್ಷರ ಅಕ್ಷರವಾಗಿ, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು.

2017ರ ಏಪ್ರಿಲ್ 15, ಪುನರುತ್ಥಾನದ ಹಬ್ಬದ (ಈಸ್ಟರ್) ಹಿಂದಿನ ಶನಿವಾರ. ಮರುದಿನ ಬೆಳಗಿನ ಜಾವ ಐದೂವರೆಗೆ ಸಮಾಧಿ ಭೂಮಿಯಲ್ಲಿ ಆರಾಧನೆ. ನನ್ನ ಹತ್ತಿರ ಪ್ರಸಂಗ ಇರಲಿಲ್ಲ. ಪ್ರಸಂಗವಷ್ಟೇ ಇಲ್ಲದೆ ಹೋಗಿದ್ದರೆ ಅದು ದೊಡ್ಡ ಸಂಗತಿಯಲ್ಲ. ಸಭಾಪಾಲಕರಾಗಿದ್ದವರಿಗೆಲ್ಲ ಅಂಥ ಶನಿವಾರಗಳು ಗೊತ್ತು. ಆದರೆ ಆ ರಾತ್ರಿ ನಾನು ರಾತ್ರಿ ಹನ್ನೊಂದು ಗಂಟೆಗೆ ಪಾರ್ಸನೇಜಿನ, ಅಂದರೆ ಪಾಲಕನ ಮನೆಯ, ಹಿಂದಿನ ಬಾವಿಕಟ್ಟೆಯ ಮೇಲೆ ಕುಳಿತಿದ್ದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಸಂಜೆಯ ಗುಡುಗು ಮಳೆಗೆ ಕರೆಂಟೂ ಹೋಗಿತ್ತು, ಮೊಬೈಲಿನ ನೆಟ್‌ವರ್ಕೂ ಹೋಗಿತ್ತು. ಕತ್ತಲಲ್ಲಿ ಬಾವಿಯೊಳಗೆ ಹಗ್ಗದ ನೀರು ತೊಟ್ಟಿಕ್ಕುವ ಸದ್ದನ್ನು ಎಷ್ಟು ಹೊತ್ತಿನಿಂದ ಕೇಳುತ್ತಿದ್ದೆನೋ ಗೊತ್ತಿಲ್ಲ. ಅಲ್ಲಿಗೆ ಏಕೆ ಹೋದೆನೆಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಗಂಟೆಯ ಹಗ್ಗ ಮಳೆಗೆ ಬಿಗಿದುಕೊಂಡಿದೆಯೋ ಏನೋ ಎಂದು ನೋಡಲು ಬಂದಿದ್ದ ಗಂಟೆಯಣ್ಣನ ಟಾರ್ಚಿನ ಬೆಳಕು ನನ್ನ ಕಾಲ ಮೇಲೆ ಬಿದ್ದಿತು. ಅವರು ಬೆಳಕನ್ನು ಮುಖಕ್ಕೆ ಎತ್ತಲಿಲ್ಲ. ಏಕೆ ಕುಳಿತಿದ್ದೀರಿ ಎಂದೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಒಳಗೆ ಬನ್ನಿ ಅಯ್ಯನವರೇ, ಇಲ್ಲಿ ಸೊಳ್ಳೆ ಉಂಟು" ಎಂದರು. ನಾನು ಎದ್ದು ಅವರ ಹಿಂದೆ ಹೋದೆ. ಅಷ್ಟೇ ನಡೆದದ್ದು. ಎಂಟು ವರ್ಷಗಳಲ್ಲಿ ಆ ವಾಕ್ಯವನ್ನು ನಾನು ಎಷ್ಟು ಬಾರಿ ನೆನೆದಿದ್ದೇನೆಂದರೆ, ಅದಕ್ಕಿಂತ ಹೆಚ್ಚು ಬಾರಿ ನೆನೆದ ಸತ್ಯವೇದದ ವಚನಗಳು ಕಡಿಮೆ.

ಅಡಿಗೆಮನೆಯಲ್ಲಿ ಅವರೇ ಒಲೆ ಹಚ್ಚಿದರು. ಮಧ್ಯಾಹ್ನದ ಗಂಜಿ ಉಳಿದಿತ್ತು. ಬಿಸಿಮಾಡಿ, ಉಪ್ಪಿನಕಾಯಿಯ ಭರಣಿಯನ್ನು ಹುಡುಕಿ ತೆಗೆದು ಎದುರಿಗೆ ಇಟ್ಟರು. ಪ್ರವಾದಿ ಎಲೀಯನು ಬದುಕು ಸಾಕಾಯಿತೆಂದು ಮರುಭೂಮಿಯ ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ, ರೊಟ್ಟಿಯನ್ನೂ ನೀರನ್ನೂ ಕೊಟ್ಟು ಎದ್ದು ತಿನ್ನೆಂದ, ಪ್ರಯಾಣ ದೂರವಿದೆ ಎಂದ. ಅರಸುಗಳ ಮೊದಲನೆಯ ಪುಸ್ತಕದ ಆ ಭಾಗವನ್ನು ನಾನು ತರಗತಿಗಳಲ್ಲಿ ಪಾಠ ಮಾಡಿದ್ದೆ. ಅದರ ಅರ್ಥವನ್ನು ಆ ಗಂಜಿಯಲ್ಲಿ ಉಂಡೆ.

ಊಟವಾದ ಮೇಲೆ ಪ್ರಸಂಗವಿಲ್ಲವೆಂದು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಲಿಲ್ಲ. "ನೀವು ಬಂದ ಮೊದಲನೇ ವರ್ಷದ್ದು ಒಳ್ಳೆದಿತ್ತಲ್ಲ, ಅದನ್ನೇ ಓದಿ. ಜನರಿಗೆ ಎಂತದು ನೆನಪಿರುವುದು? ನನಗೊಬ್ಬನಿಗೆ ನೆನಪುಂಟು, ನಾನು ಯಾರಿಗೂ ಹೇಳುವುದಿಲ್ಲ" ಎಂದರು. ಆ ದಿನ ನಾನು ನಕ್ಕದ್ದು ಅದೊಂದೇ ಸಲ.

2013ರ ಆ ಪ್ರಸಂಗ ಪೆನ್‌ಡ್ರೈವಿನಲ್ಲಿತ್ತು. ಲ್ಯಾಪ್‌ಟಾಪ್ ಹೊಸದು, ನನ್ನ ಭಾವ ಕೊಡಿಸಿದ್ದು. ಕಡತ ತೆರೆದರೆ ಕನ್ನಡವೇ ಇಲ್ಲ. ಹಳೆಯ ನುಡಿ ತಂತ್ರಾಂಶದ ಆಸ್ಕಿ ಅಕ್ಷರವಿನ್ಯಾಸದಲ್ಲಿ, ಅಂದರೆ ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ ಫಾಂಟಿನಲ್ಲಿ, ಟೈಪು ಮಾಡಿದ್ದ ಬರಹ ಅದು. ಆ ಫಾಂಟು ಹೊಸ ಯಂತ್ರದಲ್ಲಿ ಇಲ್ಲದ್ದರಿಂದ ಪರದೆಯ ತುಂಬ ತಲೆಯ ಮೇಲೆ ಚುಕ್ಕೆ, ಗೆರೆ, ಟೋಪಿ ಹೊತ್ತ ರೋಮನ್ ಅಕ್ಷರಗಳು. ಇಳಿಸಿಕೊಳ್ಳೋಣವೆಂದರೆ ಇಂಟರ್ನೆಟ್ಟಿಲ್ಲ. ಬ್ಯಾಟರಿ ಶೇಕಡಾ 41 ಉಳಿದಿತ್ತು. ಇನ್ನಾವುದೇ ದಿನವಾಗಿದ್ದರೆ ಮುಚ್ಚಿಟ್ಟು ಬಿಡುತ್ತಿದ್ದೆ. ಆದರೆ ಪ್ರತಿಯೊಂದು ಪ್ರಸಂಗದ ತಲೆಯಲ್ಲೂ ಆ ದಿನದ ವಾಚನಭಾಗವನ್ನು ಪೂರ್ತಿ ಟೈಪು ಮಾಡುವ ಅಭ್ಯಾಸ ನನಗಿತ್ತೆಂಬುದು ನೆನಪಾಯಿತು. ಅಂದರೆ ಆ ಗೋಜಲಿನ ಮೊದಲ ಎರಡು ಪುಟ ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯ. ಅದು ಅಚ್ಚಿನಲ್ಲಿ ನಮ್ಮ ಕೈಯಲ್ಲೇ ಇತ್ತು!

ಗಂಟೆಯಣ್ಣ ಮೇಣದ ಬತ್ತಿಯ ಬೆಳಕಿನಲ್ಲಿ ಸತ್ಯವೇದವನ್ನು ಹಿಡಿದು ಬೆರಳಿಟ್ಟು ಓದಿದರು, ನಾನು ಪರದೆಯ ಮೇಲಿನ ಗುರುತುಗಳನ್ನು ಅವರ ಅಕ್ಷರಗಳೊಂದಿಗೆ ಹೊಂದಿಸುತ್ತ ಸಭೆಯ ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಪಟ್ಟಿ ಬರೆದುಕೊಂಡೆ. ವೇಗವಾಗಿ ಓದುವವರಾಗಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ. "ಮ" ಎಂದು ನಿಲ್ಲುವರು, ನಾನು ಹುಡುಕಿ ಬರೆದುಕೊಂಡು ಹೂಂ ಎಂದ ಮೇಲೆ "ಗ್ದ" ಎನ್ನುವರು. ಅವರು ಓದುತ್ತ ಓದುತ್ತ ಮಗ್ದಲದ ಮರಿಯಳು ಯೇಸುವಿನ ಸಮಾಧಿಯ ಹೊರಗೆ ಅಳುತ್ತ ನಿಂತಿರುವ ಕಡೆಗೆ ಬಂದರು. ನನ್ನ ಸ್ವಾಮಿಯನ್ನು ಯಾರೋ ತೆಗೆದುಕೊಂಡು ಹೋಗಿದ್ದಾರೆ, ಎಲ್ಲಿಟ್ಟಿದ್ದಾರೋ ನಾನರಿಯೆ ಎನ್ನುತ್ತಾಳಲ್ಲ, ಅಲ್ಲಿ ಅವರ ಬೆರಳು ನಿಂತಿತು. "ಅವಳಿಗೂ ಗೊತ್ತಿರಲಿಲ್ಲ ನೋಡಿ ಅಯ್ಯನವರೇ" ಎಂದರು. ನಾನು ಬರೆಯುವುದನ್ನು ನಿಲ್ಲಿಸಿದೆ. ಆಗ ಬಂದ ಅಳು ಬಹಳ ಹೊತ್ತಿನದಾಗಿತ್ತು. ಅವರು ಸತ್ಯವೇದವನ್ನು ಮುಚ್ಚದೆ, ಬೆರಳನ್ನು ಅದೇ ಸಾಲಿನ ಮೇಲಿಟ್ಟುಕೊಂಡು ಕಾದರು. ಅಳು ನಿಂತ ಮೇಲೆ ಮುಂದಿನ ಅಕ್ಷರ ಹೇಳಿದರು.

ಮೂರು ಗಂಟೆಯ ಸುಮಾರಿಗೆ ಪಟ್ಟಿ ಮುಗಿಯಿತು, ನಾಲ್ಕೂವರೆಗೆ ಪ್ರಸಂಗವೂ ಕಾಗದಕ್ಕೆ ಇಳಿಯಿತು. ಬ್ಯಾಟರಿ ಶೇಕಡಾ 6ಕ್ಕೆ ಬಂದಿತ್ತು. ಅವರು ಎದ್ದು ಮುಖ ತೊಳೆದುಕೊಂಡು ಹೋಗಿ ಗಂಟೆ ಬಾರಿಸಿದರು. ಸಮಾಧಿ ಭೂಮಿಯಲ್ಲಿ ನಾನು ಅದನ್ನೇ ಓದಿದೆ. ಆರಾಧನೆಯಾದ ಮೇಲೆ ಹಿರಿಯರೊಬ್ಬರ ಮನೆಯವರು ಬಂದು ಈ ವರ್ಷದ ಪ್ರಸಂಗ ಹಿಂದಿನ ಎಲ್ಲಕ್ಕಿಂತ ಚೆನ್ನಾಗಿತ್ತೆಂದರು. ದೂರದಲ್ಲಿ ನಿಂತಿದ್ದ ಗಂಟೆಯಣ್ಣ ಮುಖ ಆಚೆ ತಿರುಗಿಸಿಕೊಂಡರು.

ಅಂದು ನನಗೆ ಬುದ್ಧಿ ಬಂದಿತೆಂದೋ ಕರೆ ಕೇಳಿಸಿತೆಂದೋ ಹೇಳಲಾರೆ. ಆದರೆ ತಿಂಗಳುಗಳಿಂದ ಯಾವುದರಲ್ಲೂ ನಿಲ್ಲದಿದ್ದ ಮನಸ್ಸು ಆ ಮೂರು ನಾಲ್ಕು ಗಂಟೆ ಒಂದು ಕೆಲಸದಲ್ಲಿ ನಿಂತಿತ್ತು. ಅದೇ ಅಧ್ಯಾಯದಲ್ಲಿ ಮರಿಯಳು ಎದ್ದುಬಂದ ಯೇಸುವನ್ನು ಗುರುತಿಸಿದೊಡನೆ ಕರೆಯುವುದು "ರಬ್ಬೂನಿ" ಎಂದು, ಅಂದರೆ ಗುರುವೇ ಎಂದು. ಇದರಲ್ಲಿ ನನಗೊಂದು ಸೂಚನೆ ಇತ್ತು ಎಂದರೆ ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲಿ ನನಗೆ ವ್ಯಾಖ್ಯಾನಶಾಸ್ತ್ರ ಕಲಿಸಿದ ಗುರುಗಳು, ಗ್ರಂಥದಲ್ಲಿ ಇಲ್ಲದ್ದನ್ನು ಓದಬೇಡವೆಂದು ಎಷ್ಟು ಸಲ ಹೇಳಿದ್ದೇನೆ ಎಂದು ಗದರಿಸುವರು. ಹಾಗಾಗಿ ಸೂಚನೆ ಎನ್ನುವುದಿಲ್ಲ. ಎಂಟು ವರ್ಷಗಳಿಂದ ನನಗೆ ಅದು ಮರೆತಿಲ್ಲ ಎಂದಷ್ಟೇ ಹೇಳುತ್ತೇನೆ.

ಆ ಗುರುಗಳಿಗೂ, ಕನ್ನಡದಲ್ಲಿಯೇ ದೇವಶಾಸ್ತ್ರವನ್ನು ಯೋಚಿಸಲು ಕಲಿಸಿದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿಗೂ ನನ್ನ ನಮನ. ಬಲ್ಮಠದ ಗುಡ್ಡದ ಮೇಲೆ ಓದಿದವನಿಗೆ ಪಾಲಕತ್ವ, ಮೇಷ್ಟ್ರಗಿರಿ, ಯಂತ್ರ ಈ ಮೂರೂ ಬೇರೆ ಬೇರೆ ಮನೆಯವು ಎಂದು ನಂಬುವುದು ಕಷ್ಟ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ ತೆರೆದರು, ಕಲ್ಲಚ್ಚಿನ ಮುದ್ರಣ ಆರಂಭಿಸಿದರು, 1843ರಲ್ಲಿ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದರು. 1853ರಲ್ಲಿ ಸುವಾರ್ತೆ ಸಾರಲೆಂದು ಬಂದ ಕಿಟೆಲ್ಲರನ್ನು ಇಂದು ನಾಡು ನೆನೆಯುವುದು ಅವರ ಪ್ರಸಂಗಗಳಿಗಾಗಿ ಅಲ್ಲ, 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಹೊರಬಂದ ನಿಘಂಟಿಗಾಗಿ. ಪದಗಳ ಬೆನ್ನು ಹತ್ತಿ ಅಷ್ಟು ವರ್ಷ ಕಳೆದದ್ದು ಸೇವೆಯೋ ಸೇವೆಯಿಂದ ತಪ್ಪಿಸಿಕೊಂಡದ್ದೋ ಎಂದು ಅವರನ್ನು ಯಾರಾದರೂ ಕೇಳಿದ್ದರೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನನ್ನಂತೂ ಕೇಳಿದರು. ಚಮ್ಮಾರನೂ ಕಮ್ಮಾರನೂ ರೈತನೂ ತಂತಮ್ಮ ಕೆಲಸದಲ್ಲಿದ್ದುಕೊಂಡೇ ಯಾಜಕರು ಎಂದು ಚರ್ಚಿನ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲೇ ಬರೆದಿದ್ದಾನೆ. ಅದನ್ನು ವೇದಿಕೆಯಿಂದ ಹೇಳುವಾಗ ತಲೆದೂಗಿದವರೇ ನಾನು ಹಾಗೆ ಮಾಡಹೊರಟಾಗ ತಲೆ ಅಲ್ಲಾಡಿಸಿದರು.

ಆ ರಾತ್ರಿಯ ಪಟ್ಟಿಯೇ ಮುಂದೆ ನನ್ನ ಮೊದಲ ಪ್ರೋಗ್ರಾಮ್ ಆಯಿತು. ಹಳೆಯ ಆಸ್ಕಿ ಬರಹವನ್ನು ಈಗಿನ ಎಲ್ಲ ಯಂತ್ರಗಳೂ ಓದುವ ಯೂನಿಕೋಡ್ ಸಂಕೇತಕ್ಕೆ ತರುವ ಪರಿವರ್ತಕಗಳು ಆಗಲೇ ಬೇಕಾದಷ್ಟಿದ್ದವು, ನನ್ನದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಆದರೆ ಬರೆಯದೆ ಇರಲಾಗಲಿಲ್ಲ. ಬೇಸಿಗೆ ರಜೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತ, ಹದಿನಾಲ್ಕು ವರ್ಷ ಚಿಕ್ಕವನಾದ ಗೆಳೆಯನಿಗೆ ರಾತ್ರಿ ಹನ್ನೆರಡಕ್ಕೆ ಫೋನು ಮಾಡುತ್ತ ಬರೆದ ಆ ಪ್ರೋಗ್ರಾಮ್ ಮೊದಲ ಸಲ ಓಡಿದಾಗ ಪ್ರಸಂಗದ ತುಂಬ "ಕರ್ತನು" ಇರಬೇಕಾದಲ್ಲೆಲ್ಲ "ಕತರ್ನು" ಎಂದಿತ್ತು, "ಪ್ರಾರ್ಥನೆ" ಎಂಬುದು "ಪ್ರಾಥರ್ನೆ" ಆಗಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಒತ್ತುತ್ತೇವೆ. ಯೂನಿಕೋಡಿನಲ್ಲಿ ಅದನ್ನು ಉಚ್ಚರಿಸುವ ಕ್ರಮದಲ್ಲಿ, ಅಕ್ಷರಕ್ಕಿಂತ ಮೊದಲು ಇಡಬೇಕು. ಹದಿಮೂರು ವರ್ಷ ವೇದಿಕೆಯಿಂದ ಉಚ್ಚರಿಸಿದ ಪದ ಒಳಗೆ ಹೇಗೆ ಕಟ್ಟಿಕೊಂಡಿದೆ ಎಂದು ನಾನು ಅದುವರೆಗೆ ನೋಡಿರಲೇ ಇಲ್ಲ.

ಈ ದೋಷವನ್ನು ಸರಿಪಡಿಸಿದ್ದು ನಾನಲ್ಲ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು. ನನ್ನ ಪರಿಹಾರದಲ್ಲಿ ಅರ್ಕಾವೊತ್ತು ಒಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಒತ್ತಕ್ಷರವಿದ್ದಲ್ಲಿ, ಗುಣಿತವಿದ್ದಲ್ಲಿ ಮತ್ತೆ ಎಡವುತ್ತಿತ್ತು. ಕರಿಹಲಗೆಯನ್ನು ಸ್ವಲ್ಪ ಹೊತ್ತು ನೋಡಿದ ಅವಳು, "ಸಾರ್, ಅದು ಇಡೀ ಗುಂಪನ್ನೇ ದಾಟಿ ಹಿಂದೆ ಹೋಗಬೇಕು, ಒಬ್ಬರನ್ನೇ ದಾಟಿದ್ರೆ ಸಾಲದು" ಎಂದಳು. ಆ ಮಧ್ಯಾಹ್ನವೇ ಸರಿಯಾಯಿತು. ಆ ಹುಡುಗಿಗೂ, "ಸಾರ್, ನೀವು ಮೊದಲು ಫಾದರ್ ಆಗಿದ್ದಿರಂತೆ" ಎಂದು ಕೇಳಿ, ಫಾದರ್ ಅಲ್ಲಪ್ಪ ಪಾಸ್ಟರ್ ಎಂದಾಗ "ಹಂಗಾದ್ರೆ ಹೋಂವರ್ಕ್ ಕ್ಷಮಿಸ್ತೀರಾ" ಎಂದ ಅವಳ ಬೆಂಚಿನ ಹಿಂದಿನ ಹುಡುಗನಿಗೂ, ಆ ಏಳು ವರ್ಷಗಳ ಎಲ್ಲ ಮಕ್ಕಳಿಗೂ ನಾನು ಋಣಿ. ವೇದಿಕೆಯ ಮೇಲೆ ನಿಂತವನಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ತರಗತಿಯಲ್ಲಿ ನನಗೆ ಗೊತ್ತಿಲ್ಲ ಎಂದು ಹೇಳುವ ಸ್ವಾತಂತ್ರ್ಯ ಸಿಕ್ಕಿತು, ಅದು ಸಿಕ್ಕ ಮೇಲೆ ದೇವರ ಬಗ್ಗೆ ಓದುವುದೂ ಮತ್ತೆ ರುಚಿಸತೊಡಗಿತು. ಮುಂದೆ ದೊಡ್ಡ ದೇವಶಾಸ್ತ್ರಜ್ಞನೆನಿಸಿದ ಅಗಸ್ಟೀನನು ಕ್ರಿ.ಶ. 386ರಲ್ಲಿ ಮಿಲಾನಿನಲ್ಲಿ ಮಾತುಗಾರಿಕೆ ಕಲಿಸುವ ಅಧ್ಯಾಪಕ ಹುದ್ದೆಯನ್ನು ಬಿಟ್ಟು ಸಭೆಯ ಕಡೆಗೆ ನಡೆದ. ನಾನು ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆದುಬಂದವನು. ದಾರಿಯಲ್ಲಿ ಸಿಕ್ಕಿದ್ದರೆ ಇಬ್ಬರಿಗೂ ಮಾತಿಗೆ ವಿಷಯವಿರುತ್ತಿತ್ತು.

ದೇವಶಾಸ್ತ್ರಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಹೇಳುವ ಕಥೆ ಒಂದಿದೆ. ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ಬುಸಾ 1949ರಲ್ಲಿ ಅಮೆರಿಕಕ್ಕೆ ಹೋಗಿ ಐ.ಬಿ.ಎಂ. ಮುಖ್ಯಸ್ಥ ಥಾಮಸ್ ವಾಟ್ಸನ್‌ರನ್ನು ಕಂಡು, ಮಧ್ಯಯುಗದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸನ ಬರಹಗಳ ಪ್ರತಿಯೊಂದು ಪದದ ಸೂಚಿಯನ್ನು ಯಂತ್ರದ ನೆರವಿನಿಂದ ಮಾಡಬೇಕೆಂದು ಕೇಳಿಕೊಂಡರು. ಸುಮಾರು ಒಂದು ಕೋಟಿ ಪದಗಳ ಆ ಕೆಲಸ ಮೂವತ್ತು ವರ್ಷ ನಡೆಯಿತು. ಇಂದು ಪಠ್ಯಗಳನ್ನು ಕಂಪ್ಯೂಟರಿನಲ್ಲಿ ಅಧ್ಯಯನ ಮಾಡುವ ಶಾಖೆಯ ಮೂಲವನ್ನು ಹುಡುಕಿದವರು ಅಲ್ಲಿಗೇ ಬರುತ್ತಾರೆ. ಆದರೆ ಆ ಕೆಲಸಕ್ಕಾಗಿ ವರ್ಷಗಟ್ಟಲೆ ಯಂತ್ರ ಓದುವ ಕಾರ್ಡುಗಳಿಗೆ ರಂಧ್ರ ಹೊಡೆದ ಯುವತಿಯರ ಹೆಸರುಗಳನ್ನು ಬಹುಕಾಲ ಯಾರೂ ಬರೆದಿಡಲಿಲ್ಲ. ಗಂಟೆಯಣ್ಣ ಹೆಸರು ಬೇಡವೆಂದಾಗ ನನಗೆ ಅವರು ನೆನಪಾಗಿ ಸ್ವಲ್ಪ ಜಗಳವಾಡಿದೆ. ಸೋತೆ.

ಇನ್ನು ಉಳಿದವರು. ರಾಜೀನಾಮೆ ಪತ್ರವನ್ನು ಕೈಗೆ ತೆಗೆದುಕೊಂಡು, ಓದದೆ ಮೊದಲು ಪ್ರಾರ್ಥಿಸಿ ಆಮೇಲೆ ಓದಿದ ಹಿರಿಯರಿಗೆ. ನಲವತ್ತು ದಾಟಿದ, ಅನುಭವವಿಲ್ಲದ, ಬರೀ ಹಳೆಯ ಬಿ.ಎಸ್ಸಿ. ಇದ್ದವನಿಗೆ ಎಂಟನೆಯ ತರಗತಿಯ ಗಣಿತ ಕೊಟ್ಟು ನೋಡಿದ ಮುಖ್ಯೋಪಾಧ್ಯಾಯಿನಿಯವರಿಗೆ. ಮನೆ ಬಾಡಿಗೆಯನ್ನು ಮೂರು ತಿಂಗಳು ಕೇಳದೆ ಇದ್ದ ಮಾಲೀಕರಿಗೆ. ಲ್ಯಾಪ್‌ಟಾಪ್ ಕೊಡಿಸಿ ಅದರಲ್ಲಿ ನುಡಿ ಹಾಕಲು ಮರೆತ ನನ್ನ ಭಾವನಿಗೆ. ಶನಿವಾರ ಸಂಜೆ ನನ್ನ ಮನೆಯ ಜಗಲಿಯಲ್ಲಿ ಗ್ರೀಕ್ ಓದಲು ಬರುವ ಆರು ಮಂದಿಗೆ, ಅವರಲ್ಲಿ ಒಬ್ಬರಾದ, ಒಂದು ದಿನವೂ ತಪ್ಪಿಸದ ನಿವೃತ್ತ ಪೋಸ್ಟ್‌ಮಾಸ್ಟರರಿಗೆ. ಎಲ್ಲರಿಗೂ ಸೇರಿಸಿ ಒಂದೇ ಉಸಿರಿನಲ್ಲಿ ವಂದನೆ ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಕಾಲು ನೆಲಕ್ಕೆ ತಾಗಿದ ಮೇಲೆ ಸಿಕ್ಕ ಸಹಾಯಕ್ಕೆ ಲೆಕ್ಕವಿಡಬಹುದು. ಅದಕ್ಕೆ ಮುಂಚಿನದಕ್ಕೆ ಲೆಕ್ಕ ಸಿಗುವುದಿಲ್ಲ.

ನನ್ನ ಹೆಂಡತಿಯ ಬಗ್ಗೆ ಹೆಚ್ಚು ಬರೆದರೆ ಅವಳು ಬೈಯುತ್ತಾಳೆ, ಬರೆಯದಿದ್ದರೆ ಅವಳ ತಮ್ಮ ಬೈಯುತ್ತಾನೆ. ಬಾವಿಕಟ್ಟೆಯ ಸಂಗತಿ ಅವಳಿಗೆ ತಿಳಿದದ್ದು ಎರಡು ವರ್ಷಗಳ ನಂತರ. ಕೇಳಿ ಏನೂ ಮಾತಾಡದೆ ಒಳಗೆ ಹೋದಳು. ಮರುದಿನ ಬೆಳಗ್ಗೆ ಬಸ್ಸು ಹತ್ತಿ ಗಂಟೆಯಣ್ಣನ ಮನೆಗೆ ಹೋಗಿ, ಒಂದು ಕೊಡೆಯನ್ನೂ ಎರಡು ಕಿಲೋ ಕುಚ್ಚಲಕ್ಕಿಯನ್ನೂ ಕೊಟ್ಟು ಸಂಜೆಗೆ ಹಿಂತಿರುಗಿದಳು. "ಅಮ್ಮನವರು ಏನೂ ಹೇಳಲಿಲ್ಲ, ಅಳುತ್ತಿದ್ದರು, ಚಹಾ ಕುಡಿದು ಹೋದರು" ಎಂದು ಗಂಟೆಯಣ್ಣ ಆಮೇಲೆ ಫೋನಿನಲ್ಲಿ ವರದಿ ಒಪ್ಪಿಸಿದರು.

ಅವರಿಗೀಗ ಎಪ್ಪತ್ತೆಂಟು. ಭುಜ ಎತ್ತಲಾಗದ್ದರಿಂದ ಗಂಟೆಯ ಹಗ್ಗ ಮೊಮ್ಮಗನ ಕೈಗೆ ಹೋಗಿದೆ. ಅಂಕಪಟ್ಟಿ ಬಂದ ದಿನ ಮೊದಲು ಫೋನು ಮಾಡಿದ್ದು ಅವರಿಗೆ. ಎಂ.ಸಿ.ಎ. ಎಂದರೇನೆಂದು ಕೇಳಿ ತಿಳಿದುಕೊಂಡರು, ಸಂತೋಷವೆಂದರು. ನಾನು ದೇವಾಲಯ ಬಿಟ್ಟು ಇಷ್ಟು ವರ್ಷವಾದರೂ ಅವರಿಗೆ ನಾನು ಅಯ್ಯನವರೇ. ಹಾಗೆ ಕರೆಯಬೇಡಿ ಎಂದು ಹೇಳುವುದನ್ನು ಯಾವಾಗಲೋ ಬಿಟ್ಟಿದ್ದೇನೆ. ಲೆಟರ್‌ಹೆಡ್ಡಿನ ಹಿಂದೆ ಬರೆದ ಆ ಪಟ್ಟಿ ತಮ್ಮ ಸತ್ಯವೇದದೊಳಗೆ, ಯೋಹಾನನ ಇಪ್ಪತ್ತನೆಯ ಅಧ್ಯಾಯದಲ್ಲಿಯೇ ಇದೆಯೆಂದರು. ನಾನು ಅದು ಕಳೆದುಹೋಯಿತೆಂದುಕೊಂಡಿದ್ದೆ.

ಆಮೇಲೆ ಒಂದು ಕೆಲಸ ಹೇಳಿದರು. "ಆ ಪ್ರಸಂಗವನ್ನು ಒಮ್ಮೆ ದೊಡ್ಡ ಅಕ್ಷರದಲ್ಲಿ ಮಾಡಿ ಕಳಿಸಿ ಅಯ್ಯನವರೇ, ಈಗ ಕಣ್ಣು ಸಾಲುವುದಿಲ್ಲ." ಶನಿವಾರ ರಾತ್ರಿ ಕುಳಿತು ಇಪ್ಪತ್ತನಾಲ್ಕು ಪಾಯಿಂಟಿನಲ್ಲಿ ಹಾಕಿದೆ, ಹತ್ತೊಂಬತ್ತು ಪುಟವಾಯಿತು. ಅರ್ಕಾವೊತ್ತುಗಳನ್ನೆಲ್ಲ ಬೆರಳಿಟ್ಟು ನೋಡಿದೆ, ಎಲ್ಲವೂ ತಮ್ಮ ಜಾಗದಲ್ಲಿದ್ದವು. ಸೋಮವಾರ ಅಂಚೆಗೆ ಹಾಕಿದ್ದೇನೆ.